ಯುದ್ಧ ಬೇಡ ಅನ್ನೋ ಹಾಡು ಕೇಳಿದ್ರೆ ಸೈನಿಕರ ಮೇಲೆ ಗೌರವ ಇಲ್ಲ ಅಂತಾನಾ?

ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ, ಅದಕ್ಕೆ ಬರೀತಿದೀನಿ. ಪ್ರಶ್ನೆ ಯಾವಾಗ್ಲೂ ಒಂದೇ: "ಆ ಯುದ್ಧ ವಿರೋಧಿ ಹಾಡುಗಳನ್ನೇ ಕೇಳ್ತಾ ಕೂತಿರ್ತೀಯಲ್ಲ, ನಮ್ ಸೈನಿಕರ ಮೇಲೆ ಗೌರವ ಇಲ್ವಾ ನಿಂಗೆ?"

ಇದೆ. ಇರೋದಕ್ಕೇ ಕೇಳೋದು. ಹಿಂಗೆ ಕೇಳೋರು ಅದ್ರಲ್ಲಿ ಒಂದು ಹಾಡನ್ನೂ ಪೂರ್ತಿ ಕೇಳಿರಲ್ಲ, ನಂಗೆ ಸಿಟ್ಟು ಬರೋದು ಅಲ್ಲೇ.

ಅಮೆರಿಕದ ಪೀಟ್ ಸೀಗರ್ ಬ್ಯಾಂಜೊ ಹಿಡ್ಕೊಂಡು ಹಾಡ್ತಿದ್ದೋರು, ಎರಡನೇ ಮಹಾಯುದ್ಧದಲ್ಲಿ ಸ್ವತಃ ಸೇನೇಲಿದ್ದೋರು. ವಿಯೆಟ್ನಾಂ ಯುದ್ಧದ ಟೈಮಲ್ಲಿ, 1967ರಲ್ಲಿ, ಒಂದು ಟಿವಿ ಶೋಗೆ ‘ವೇಸ್ಟ್ ಡೀಪ್ ಇನ್ ದ ಬಿಗ್ ಮಡ್ಡಿ’ ಹಾಡಿದ್ರು, ಸಿಬಿಎಸ್ ಅನ್ನೋ ಆ ಟಿವಿ ಚಾನೆಲ್‌ನೋರು ಅದನ್ನ ಕಟ್ ಮಾಡಿಬಿಟ್ರು, ಜನಕ್ಕೆ ಅದು ಕಾಣಿಸಿದ್ದು 1968ರಲ್ಲಿ. ಅಷ್ಟು ಹೆದರೋಕೆ ಏನಿತ್ತು ಅದ್ರಲ್ಲಿ? ಟ್ರೈನಿಂಗಲ್ಲಿರೋ ಹುಡುಗರನ್ನ ಕ್ಯಾಪ್ಟನ್ ಹೊಳೆಗಿಳಿಸ್ತಾನೆ, ನೀರು ಮೊಣಕಾಲಿಗೆ ಬರತ್ತೆ, ಸೊಂಟಕ್ಕೆ ಬರತ್ತೆ, ಕುತ್ತಿಗೆಗೆ ಬರತ್ತೆ, ಅವನು ಮುಂದಕ್ಕೆ ನಡೀರಿ ಅಂತಾನೇ ಇರ್ತಾನೆ. ಕೊನೆಗೆ ಅವನೇ ಮುಳುಗೋಗ್ತಾನೆ, ಸಾರ್ಜೆಂಟು ಹುಡುಗರನ್ನ ವಾಪಸ್ ತಿರುಗಿಸ್ತಾನೆ. ಇದ್ರಲ್ಲಿ ಸೈನಿಕರಿಗೆ ಅವಮಾನ ಎಲ್ಲಿದೆ ತೋರಿಸಿ.

ಮದ್ದೂರು ಕಡೆ ಒಂದು ಬೀಗರೂಟದಲ್ಲಿ, ಮಿಲಿಟರಿಯಿಂದ ರಿಟೈರಾದ ನಮ್ ಮಾವ ಪಕ್ಕದಲ್ಲೇ ಕೂತಿರುವಾಗ ಬೇಕಂತಲೇ ಒಬ್ರು ಈ ಪ್ರಶ್ನೆ ಎತ್ತಿದ್ರು. ಮಾವ ನನ್ ಕಡೆ ತಿರುಗಿ "ಅದೇನ್ ಹಾಡ್ಲಾ, ಹೇಳು ಕೇಳಾವ" ಅಂದ್ರು. ನಾನು ಆಸ್ಟ್ರೇಲಿಯಾದ ಹಾಡುಗಾರ ಎರಿಕ್ ಬೋಗಲ್ 1971ರಲ್ಲಿ ಬರೆದ ‘ಅಂಡ್ ದ ಬ್ಯಾಂಡ್ ಪ್ಲೇಡ್ ವಾಲ್ಟ್ಸಿಂಗ್ ಮಟಿಲ್ಡಾ’ ಹಾಡಿನ ಕಥೆ ಹೇಳ್ದೆ. ಮೊದಲನೇ ಮಹಾಯುದ್ಧ, 1915ರಲ್ಲಿ ಆಸ್ಟ್ರೇಲಿಯಾದ ಹುಡುಗನೊಬ್ಬನನ್ನ ಬ್ಯಾಂಡ್ ಬಾರಿಸಿ ತುರ್ಕಿಯ ಗಲಿಪೋಲಿಗೆ ಹಡಗು ಹತ್ತಿಸ್ತಾರೆ, ತುರ್ಕರ ಶೆಲ್ ಬಿದ್ದು ಎರಡೂ ಕಾಲು ಹೋಗತ್ತೆ, ವಾಪಸ್ ಬಂದಾಗ ಬಂದರಲ್ಲಿ ಬ್ಯಾಂಡ್ ಬಾರಿಸ್ತಿರತ್ತೆ ಆದ್ರೆ ಜನ ಜೈಕಾರ ಹಾಕಲ್ಲ, ನೋಡಿ ಮುಖ ತಿರುಗಿಸ್ಕೋತಾರೆ, ತನಗೋಸ್ಕರ ಕಾಯೋರು ಯಾರೂ ಇಲ್ವಲ್ಲ, ಸದ್ಯ, ಅಂತ ಅವನು ದೇವರಿಗೆ ಕೈ ಮುಗೀತಾನೆ. ಮಾವ ಕೇಳಿದ್ದು ಒಂದೇ: "ಪೆನ್ಷನ್ ಸರ್ಯಾಗ್ ಕೊಟ್ರಂತಾ ಅವ್ನಿಗೆ?" ಆಮೇಲೆ ಆಸ್ಪತ್ರೇಲಿದ್ದ ತಮ್ಮ ಜೊತೆಗಾರರ ಮಾತು ಶುರುವಾಯ್ತು, ಎಲೆ ಹಾಕೋವರೆಗೂ ಅದೇ. ಗೌರವದ ಪ್ರಶ್ನೆ ಎತ್ತಿದೋರು ಅಷ್ಟೊತ್ತಿಗೆ ಎದ್ದೋಗಿದ್ರು.

ನನ್ನನ್ನ ಕೇಳಲೇಬೇಕು ಅಂದ್ರೆ ಹಿಂಗೆ ಕೇಳಿ: ನಮ್ ಕಡೆಯೋರು ಯುದ್ಧಕ್ಕೆ ಹೋದಾಗ ಮನೇಲಿ ಉಳಿದೋರು ಏನ್ ಹಾಡ್ಕೊಂಡ್ರು? ಅದೇ ಮೊದಲನೇ ಮಹಾಯುದ್ಧದಲ್ಲಿ, ಅದೇ ತುರ್ಕರ ಎದುರಿಗೆ, 1918ರ ಸೆಪ್ಟೆಂಬರ್ 23ರಂದು ಮೈಸೂರು ಸಂಸ್ಥಾನದ ಕುದುರೆ ಪಡೆ ಮೈಸೂರು ಲ್ಯಾನ್ಸರ್ಸ್‌ನೋರು ಜೋಧಪುರದೋರ ಜೊತೆ ಈಗಿನ ಇಸ್ರೇಲ್‌ನಲ್ಲಿರೋ ಹೈಫಾಗೆ ಕುದುರೆ ನುಗ್ಗಿಸಿದ್ರು, ಮೆಷಿನ್ ಗನ್ ಮುಂದೆ ಈಟಿ ಹಿಡ್ಕೊಂಡು. ಆ ಗೆಲುವನ್ನ ನಾನೂ ಹೆಮ್ಮೆಯಿಂದ ಹೇಳ್ತೀನಿ. ದೆಹಲಿಯ ತೀನ್ ಮೂರ್ತಿ ಸ್ಮಾರಕದಲ್ಲಿ ಮೈಸೂರಿನ ಹೆಸರಿಗೂ ಒಂದು ವಿಗ್ರಹ ಇದೆ. ಆದ್ರೆ ಅವರಿಗೂ ತಾಯಿ ಇದ್ಲು, ಹೆಂಡ್ತಿ ಇದ್ಲು.

ಜನಪದದಲ್ಲಿ ಅಂಥದ್ದೆಲ್ಲ ಇಲ್ಲ ಅನ್ನೋರು ‘ಕೆರೆಗೆ ಹಾರ’ ಮತ್ತೆ ಓದಿ. ಭಾಗೀರಥಿಯನ್ನ ಬಲಿ ಕೊಡೋವಾಗ ಗಂಡ ಮಾದೇವರಾಯ ಎಲ್ಲಿದ್ದ? ದಂಡಿನಲ್ಲಿ. ಕೆಟ್ಟ ಕನಸು ಬಿದ್ದು ಕುದುರೆ ಏರಿ ಬರೋವಷ್ಟರಲ್ಲಿ ಎಲ್ಲಾ ಮುಗಿದಿರತ್ತೆ. ಸ್ಕೂಲಲ್ಲಿ ನಮಗೆ ತ್ಯಾಗದ ಪಾಠ ಮಾತ್ರ ಮಾಡಿದ್ರು, ದಂಡಿನ ಸುದ್ದಿ ಯಾರೂ ಎತ್ತಲಿಲ್ಲ.

ನಾಗಮಂಗಲವೋ, ಪಾಂಡವಪುರವೋ, ನಂಜನಗೂಡೋ, ನಿಮ್ಮನೇಲಿ ಅಜ್ಜಿ ಯಾರಾದ್ರೂ ರಾಗಿ ಬೀಸೋ ಪದದಲ್ಲಿ ದಂಡಿಗೆ ಹೋದೋನ ಹೆಸರು ಹಾಡ್ತಿದ್ರೆ ದಯವಿಟ್ಟು ಫೋನಲ್ಲಿ ರೆಕಾರ್ಡ್ ಮಾಡಿ, ನಂಗೂ ಕೇಳ್ಸಿ, ಬಸ್ ಹತ್ಕೊಂಡು ಬರ್ತೀನಿ.