ಜೋಲಿಂಗೆನ್‌ನ ಕಠಾರಿಗಳು: ಕಿರೀಟ, ಜ್ವಾಲೆ, ಹದ್ದು

ಡ್ಯುಸೆಲ್‌ಡಾರ್ಫ್‌ನಿಂದ ಜೋಲಿಂಗೆನ್‌ಗೆ ಲೋಕಲ್ ರೈಲು ಇದೆ. ದಾರಿ ಜಾಸ್ತಿ ದೂರವಿಲ್ಲ. ಚಾಕು, ಕತ್ತರಿ, ರೇಜರ್, ಕತ್ತಿ ಎಂದರೆ ಜರ್ಮನಿಯಲ್ಲಿ ಈ ಊರಿನ ಹೆಸರೇ ಮೊದಲು ಬರುತ್ತದೆ. ಬೇರೆ ಕಡೆ ಮಾಡಿದ ಮಾಲಿನ ಮೇಲೆ 'ಜೋಲಿಂಗೆನ್' ಎಂದು ಅಚ್ಚೊತ್ತಬಾರದು ಅಂತ 1938ರಲ್ಲೇ ಕಾನೂನು ಬಂತು. ನನಗೆ ಬೇಕಿದ್ದದ್ದು ಅಡುಗೆಮನೆಯ ಚಾಕುವಲ್ಲ. ಸೇನಾಧಿಕಾರಿಗಳು ಸಮವಸ್ತ್ರದ ಜೊತೆ ಸೊಂಟಕ್ಕೆ ತೂಗಿಕೊಳ್ಳುತ್ತಿದ್ದ ಅಲಂಕಾರದ ಕಠಾರಿಗಳನ್ನು ನೋಡಬೇಕಿತ್ತು.

ಕೊಡವರು ಮದುವೆಗೆ ಕುಪ್ಪ್ಯ ಎಂಬ ನಿಲುವಂಗಿಯ ಮೇಲೆ ಸಿಕ್ಕಿಸಿಕೊಳ್ಳುವ ಪೀಚೆಕತ್ತಿ ನೋಡಿದ್ದೀರಲ್ವಾ? ಹೆಚ್ಚುಕಡಿಮೆ ಅದೇ ಜಾತಿ. ಕಾದಾಡೋಕಲ್ಲ, ಉಡುಗೆಯ ಅಂದಕ್ಕೆ.

ಗ್ರೇಫ್ರಾತ್ ಬಡಾವಣೆಗೆ ಟ್ರಾಲಿ ಬಸ್ಸಿನಲ್ಲಿ ಹೋದೆ. ತಲೆ ಮೇಲಿನ ತಂತಿಯಿಂದ ಕರೆಂಟು ಎಳೆದುಕೊಂಡು ಓಡುವ ಈ ಬಸ್ಸುಗಳು ಇಲ್ಲಿ 1952ರಿಂದ ಇವೆ. ಕಪ್ಪು ಕಲ್ಲಿನ ಹಲಗೆ ಹೊದ್ದ ಮನೆಗಳು, ಹಸಿರು ಕಿಟಕಿ ಬಾಗಿಲುಗಳು. ಹಳೆಯ ಕ್ರೈಸ್ತ ಮಠವೊಂದರಲ್ಲಿ ಅಲುಗುಗಳ ಮ್ಯೂಸಿಯಂ ಇದೆ. ಕತ್ತಿಯಿಂದ ಹಿಡಿದು ಊಟದ ಮುಳ್ಳುಚಮಚದವರೆಗೆ ಎಲ್ಲ ಇದೆ. ಚೆನ್ನಾಗಿದೆ, ಆದರೆ ಗಾಜಿನ ಆಚೆಯ ವಸ್ತುವನ್ನು ತಿರುಗಿಸಿ ನೋಡೋಕಾಗಲ್ಲವಲ್ಲ.

ಆ ಭಾಗ್ಯ ಸಿಕ್ಕಿದ್ದು ಮಧ್ಯಾಹ್ನ, ಸಹೋದ್ಯೋಗಿಯೊಬ್ಬರ ಮಾವನ ಮನೆಯಲ್ಲಿ. ಅವರು ಹಳೇ ಸಂಗ್ರಾಹಕರು. ಕಾಫಿ, ವೇಫಲ್, ಚೆರ್ರಿ ಮುಗಿದ ಮೇಲೆ ಮೇಜಿನ ಮೇಲೆ ಬಟ್ಟೆ ಹಾಸಿ ನೌಕಾಪಡೆಯ ಕಠಾರಿಗಳನ್ನು ಸಾಲಾಗಿ ಇಟ್ಟರು.

'ಹಿಡಿಯ ತುದಿಯ ಗುಂಡು ನೋಡು' ಎಂದರು. ಕೈಸರ್, ಅಂದರೆ ಜರ್ಮನ್ ಚಕ್ರವರ್ತಿಯ ಕಾಲದ್ದಕ್ಕೆ ಅಲ್ಲಿ ಕಿರೀಟ. ಮೊದಲ ಮಹಾಯುದ್ಧ ಸೋತು ಕೈಸರ್ ಹೋದ ಮೇಲೆ ಕಿರೀಟದ ಜಾಗದಲ್ಲಿ ಜ್ವಾಲೆ. 1938ರಲ್ಲಿ, ಹಿಟ್ಲರನ ನಾಜಿ ಆಳ್ವಿಕೆಯಲ್ಲಿ, ಸ್ವಸ್ತಿಕ ಹಿಡಿದ ಹದ್ದು. ಅವರು ಒಂದು ಕಠಾರಿಯ ಗುಂಡನ್ನು ತಿರುಪಿ ಬಿಚ್ಚಿ ನನ್ನ ಅಂಗೈಗೆ ಹಾಕಿದರು. ಸಣ್ಣದಾದರೂ ತೂಕ ಇತ್ತು. ಎಷ್ಟೋ ಅಧಿಕಾರಿಗಳು ಹೊಸ ಕಠಾರಿ ಕೊಳ್ಳದೆ, ಇದ್ದದ್ದರಲ್ಲೇ ಜ್ವಾಲೆ ಬಿಚ್ಚಿ ಹದ್ದು ತಿರುಪಿಕೊಂಡರಂತೆ. ಸರ್ಕಾರ ಬದಲಾದದ್ದಕ್ಕೆ ನಾಲ್ಕು ಸುತ್ತು ತಿರುಪು! ಅಲುಗು ಅದೇ, ಅದರ ಮೇಲೆ ಕೊರೆದ ಲಂಗರು, ಹಾಯಿ ಹಡಗು ಅವೇ.

ಭೂಸೇನೆಯದು 1935ರ ಮಾದರಿ. ಹಿಡಿ ಸೆಲ್ಯುಲಾಯ್ಡ್‌ನದು. ಕಿತ್ತಳೆಯಿಂದ ಹಳದಿ, ಬಿಳಿಯವರೆಗೆ ಒಂದೊಂದೂ ಒಂದೊಂದು ಬಣ್ಣ. ಒರೆಯ ಮೇಲೆಲ್ಲ ಮರಳು ಅಂಟಿಸಿದ ಹಾಗೆ ಸಣ್ಣ ಸಣ್ಣ ಗುಳ್ಳೆ, ನಡುವೆ ಓಕ್ ಎಲೆಯ ಎರಡು ಪಟ್ಟಿ, ಪಟ್ಟಿಗೊಂದು ಬಳೆ. ಅಲುಗನ್ನು ಬೆಳಕಿಗೆ ಹಿಡಿದರೆ ಬುಡದಲ್ಲಿ ಕತ್ತಿ ಹಿಡಿದು ಕೂತ ಅಳಿಲು. ಐಕ್‌ಹಾರ್ನ್ ಕಂಪನಿಯ ಗುರುತು ಅದು. ವರ್ಷಗಳು ಕಳೆದಂತೆ ಈ ಅಳಿಲಿನ ರೂಪವೂ ಬದಲಾಗಿದೆ. ಕಠಾರಿ ಯಾವ ಕಾಲದ್ದು ಅಂತ ಗೊತ್ತಾಗೋದು ಅದರಿಂದಲೇ.

ಇನ್ನು ಗೊಂಡೆ. ಜರ್ಮನ್ನರು ಪೋರ್ಟೆಪೇ ಅನ್ನುತ್ತಾರೆ. ಅಲ್ಯೂಮಿನಿಯಂ ಜರಿಯ ದಾರವನ್ನು ಹಿಡಿಗೆ ಸುತ್ತಿ, ಗೊಂಡೆ ಒಂದು ಪಕ್ಕಕ್ಕೆ ಇಳಿಯುವಂತೆ ಗಂಟು ಹಾಕಬೇಕು. ಭೂಸೇನೆಯದು ಉದ್ದ, ವಾಯುಸೇನೆಯದು ಗಿಡ್ಡ. ನಾನು ಕಟ್ಟಿದ ಗಂಟು ನೋಡಿ ಅವರು ಏನೂ ಹೇಳದೆ ಬಿಚ್ಚಿ, ತಾವೇ ಕಟ್ಟಿದರು. ಬೆಲ್ಟಿಗೆ ತೂಗುಹಾಕುವ ಪಟ್ಟಿಗಳೂ ಬೇರೆ. ಜರಿ ಕಪ್ಪಾಗುತ್ತದೆ, ಬಟ್ಟೆಗೆ ನುಸಿ ಬೀಳುತ್ತದೆ. ಲೋಹ ಉಳಿದಷ್ಟು ಸುಲಭವಾಗಿ ಇವು ಉಳಿಯಲ್ಲ.

ಯುದ್ಧ ಮುಗಿದ ಮೇಲೆ ಉಳಿದಿದ್ದ ಬಿಡಿಭಾಗಗಳನ್ನು ಜೋಡಿಸಿ ಮಾಡಿದ ಕಠಾರಿಗಳೂ ಪೇಟೆಯಲ್ಲಿವೆ. ಅಲುಗು ಅಸಲಿ, ಹಿಡಿ ಅಸಲಿ, ಆದರೆ ಯಾವ ಅಧಿಕಾರಿಯ ಸೊಂಟದಲ್ಲೂ ತೂಗಿದ್ದಲ್ಲ. ಪೂರ್ತಿ ನಕಲಿಗಿಂತ ಇವನ್ನು ಹಿಡಿಯೋದೇ ಕಷ್ಟ ಎಂದರು.

ಮರುದಿನ ಹಳೇ ಸಾಮಾನಿನ ಸಂತೆಗೆ ಹೋದೆ. ಹದ್ದಿನ ಕಾಲ ಕೆಳಗೆ ಚೂರು ಟೇಪು ಅಂಟಿಸಿದ್ದರು. ಸ್ವಸ್ತಿಕವನ್ನು ಹಾಗೇ ತೋರಿಸಿ ಇಲ್ಲಿ ಮಾರುವಂತಿಲ್ಲ. ಆ ಹದ್ದಿನ ಕಠಾರಿ ನಮ್ಮ ಮನೆಯ ಗೋಡೆಗೆ ನನಗೆ ಬೇಡ. ಅದನ್ನು ಕಟ್ಟಿಕೊಂಡವರು ಯಾರ ಹೆಸರಿನಲ್ಲಿ ಪ್ರಮಾಣ ಮಾಡಿದ್ದರು ಅಂತ ಗೊತ್ತಿದ್ದೂ 'ಕಲೆ' ಅನ್ನೋಕೆ ನಾಲಿಗೆ ಏಳಲ್ಲ. ಕಿರೀಟದ್ದೊಂದು ಮಾತ್ರ ಮನಸ್ಸಿಗೆ ಹಿಡಿಸಿತು. ಬೆಲೆ ಕೇಳಿದೆ. ಜೇಬು ಒಪ್ಪುವಂತಿರಲಿಲ್ಲ. ಗೊಂಡೆ ಸೇರಿಸಿಯಾ ಅಂದೆ. ಅದಕ್ಕೆ ಬೇರೆ ದುಡ್ಡು ಅಂದ.