ಸ್ಟೇ ಸಿಕ್ಕಿದರೆ ಕೇಸು ಗೆದ್ದ ಹಾಗೇ ತಾನೆ?

ಅಲ್ಲ. ಮದುವೆ ಮನೆಯ ಪಂಕ್ತಿಯಲ್ಲಿ, ಬಸ್ ನಿಲ್ದಾಣದಲ್ಲಿ, ಕೋರ್ಟಿನ ಎದುರಿನ ಟೀ ಅಂಗಡಿಯಲ್ಲಿ ಇದನ್ನು ಹೇಳಿ ಹೇಳಿ ಸಾಕಾಗಿದೆ. ಇನ್ನು ಮುಂದೆ ಕೇಳಿದವರಿಗೆ ಈ ಬರಹವನ್ನೇ ಕಳುಹಿಸುತ್ತೇನೆ.

ನನಗೆ ಸಿಟ್ಟು ಬರುವುದು ಆ ‘ತಾನೆ’ ಎಂಬುದಕ್ಕೆ. ಕೇಳುವವರಿಗೆ ಉತ್ತರ ಬೇಕಿಲ್ಲ, ನನ್ನಿಂದ ಒಂದು ‘ಹೌದು’ ಬೇಕು. ಊರಿಗೆ ಹೋಗಿ ‘ವಕೀಲರೇ ಹೇಳಿದರು’ ಎನ್ನಲು ಅನುಕೂಲವಾಗುತ್ತದೆ. ‘ಇಲ್ಲ, ಈಗಷ್ಟೇ ಶುರುವಾಗಿದೆ’ ಎಂದರೆ ಮುಖ ಸಪ್ಪಗಾಗುತ್ತದೆ. ‘ಎದುರು ಪಾರ್ಟಿಯ ಲಾಯರಮ್ಮನ ಹಾಗೆ ಮಾತನಾಡುತ್ತೀರಿ’ ಎಂದು ನನ್ನ ಕಕ್ಷಿದಾರರೇ ನನಗೆ ಹೇಳಿದ್ದುಂಟು.

ಸ್ಟೇ ಎಂದು ನೀವು ಕರೆಯುವ ತಾತ್ಕಾಲಿಕ ತಡೆಯಾಜ್ಞೆ ಅನೇಕ ಸಲ ದಾವೆ ಹೂಡಿದ ಆರಂಭದಲ್ಲೇ, ಎದುರುದಾರರ ಮಾತು ಕೇಳುವ ಮೊದಲೇ ಸಿಗುತ್ತದೆ. ಬೇಲಿ ಕೀಳುತ್ತಾರೆ, ಗೋಡೆ ಕೆಡವುತ್ತಾರೆ, ಜಮೀನನ್ನು ಪರಭಾರೆ ಮಾಡುತ್ತಾರೆ ಎಂದು ವಾದಿ ಪ್ರಮಾಣಪತ್ರ (ಅಫಿಡವಿಟ್) ಹಾಕುತ್ತಾನೆ. ನೋಟಿಸ್ ತಲುಪುವಷ್ಟರಲ್ಲಿ ಕೆಲಸ ಕೆಟ್ಟೀತು ಎಂದು ನ್ಯಾಯಾಧೀಶರಿಗೆ ಅನಿಸಿದರೆ, ಕಾರಣ ಬರೆದು, ಮುಂದಿನ ವಾಯಿದೆಯವರೆಗೆ ತಡೆ ಕೊಡುತ್ತಾರೆ. ಹಾಗೆ ಕೊಟ್ಟ ಮೇಲೆ ಮೂವತ್ತು ದಿನಗಳೊಳಗೆ ಆ ಅರ್ಜಿಯನ್ನು ಇತ್ಯರ್ಥಪಡಿಸಲು ಪ್ರಯತ್ನಿಸಬೇಕು ಎಂದು 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯೇ ಹೇಳುತ್ತದೆ. ಜಮೀನು ಯಾರದು ಎಂಬ ಮಾತನ್ನು ಅಲ್ಲಿ ಯಾರೂ ತೀರ್ಮಾನಿಸಿರುವುದಿಲ್ಲ. ‘ಯಥಾಸ್ಥಿತಿ ಕಾಪಾಡಿ’ ಎಂಬ ಆದೇಶವಾದರೆ ಇನ್ನೂ ಕಷ್ಟ: ಎರಡು ಕಡೆಯವರೂ ಗೆದ್ದೆವೆಂದು ಊರಿಗೆ ಹೋಗುತ್ತಾರೆ, ಮರುದಿನ ಹೊಲದಲ್ಲಿ ಬಡಿದಾಡುತ್ತಾರೆ.

ಇಷ್ಟು ಸಾಕು. ನನಗೆ ನಿಜವಾಗಿ ಹೇಳಬೇಕಿರುವುದು ಸ್ಟೇ ಬಗ್ಗೆ ಅಲ್ಲ, ಡಿಕ್ರಿಯ ಬಗ್ಗೆ, ಅಂದರೆ ತೀರ್ಪಿನ ಪ್ರಕಾರ ಕೋರ್ಟು ಹೊರಡಿಸುವ ಆದೇಶದ ಬಗ್ಗೆ. ಅದನ್ನು ಯಾರೂ ಕೇಳುವುದೇ ಇಲ್ಲ.

ಒಂದು ಮಳೆಗಾಲದಲ್ಲಿ ವಯಸ್ಸಾದ ಹೆಂಗಸೊಬ್ಬರು ಕಚೇರಿಗೆ ಬಂದರು. ಚೀಲದಿಂದ ತೆಗೆದು ಮೇಜಿನ ಮೇಲಿಟ್ಟದ್ದು ಡಿಕ್ರಿಯ ನಕಲು. ಹಾಳಾಗಬಾರದೆಂದು ಪುಟಪುಟವನ್ನೂ ಲ್ಯಾಮಿನೇಷನ್ ಮಾಡಿಸಿದ್ದರು. ಕೋರ್ಟ್ ಫೀ ಸ್ಟಾಂಪು, ನಕಲು ವಿಭಾಗದ ಮೊಹರು ಎಲ್ಲವೂ ಪ್ಲಾಸ್ಟಿಕ್ಕಿನ ಒಳಗೆ. ‘ಕೇಸು ಗೆದ್ದಿದ್ದೇನೆ ಲಾಯರಮ್ಮ. ಆದರೆ ಅಣ್ಣಂದಿರು ಇವತ್ತಿಗೂ ಹೊಲಕ್ಕೆ ಕಾಲಿಡಲು ಬಿಡುವುದಿಲ್ಲ. ಪೊಲೀಸರಿಗೆ ಹೇಳಿ ಬಿಡಿಸಿಕೊಡಿ’ ಎಂದರು.

ಕೊನೆಯ ಪುಟ ನೋಡಿದೆ. ದಾವಾ ಸ್ವತ್ತಿನಲ್ಲಿ ವಾದಿಗೆ ನಾಲ್ಕನೇ ಒಂದು ಪಾಲು ಉಂಟು ಎಂದು ಘೋಷಿಸಿ ಪ್ರಾಥಮಿಕ ಡಿಕ್ರಿ ಮಾಡಲಾಗಿತ್ತು. ಪಾಲು ಎಷ್ಟು ಎಂಬುದಷ್ಟೇ ಅಲ್ಲಿತ್ತು. ಯಾವ ಕಡೆಯ ಪಾಲು? ಬಾವಿಯ ಪಕ್ಕದ್ದೋ, ಕಲ್ಲು ತುಂಬಿದ ಮೇಲಿನದೋ? ಅದು ತೀರ್ಮಾನವಾಗಬೇಕಾದರೆ ಅಂತಿಮ ಡಿಕ್ರಿಗೆ ಬೇರೆ ಅರ್ಜಿ ಹಾಕಬೇಕು. ಕೋರ್ಟು ನೇಮಿಸಿದ ಕಮಿಷನರ್ ಬಂದು ಅಳೆದು, ನಕ್ಷೆ ಬರೆದು, ಚಕ್ಕುಬಂದಿ ಗುರುತಿಸಿ ವರದಿ ಕೊಡಬೇಕು. ಅದಕ್ಕೆ ತಕರಾರು, ವಿಚಾರಣೆ. ಬಳಿಕ ಅಂತಿಮ ಡಿಕ್ರಿ. ಅಷ್ಟಾದರೂ ಅಣ್ಣಂದಿರು ಬಿಟ್ಟುಕೊಡದಿದ್ದರೆ ಅಮಲ್ಜಾರಿ, ಅಂದರೆ ಡಿಕ್ರಿಯನ್ನು ಕೋರ್ಟಿನ ಮೂಲಕವೇ ಜಾರಿ ಮಾಡಿಸುವುದು. ಇಷ್ಟೂ ವರ್ಷ ಆಕೆಗೆ ಇದನ್ನು ಹೇಳಿದವರೇ ಇರಲಿಲ್ಲ. ‘ಡಿಕ್ರಿ ಆಯಿತು’ ಎಂದು ಕೈಗೆ ಕಾಗದ ಕೊಟ್ಟು ಕಳುಹಿಸಿದ್ದರು.

ಪಾಲಿನ ದಾವೆ ಹೂಡುವ ಹೆಣ್ಣುಮಕ್ಕಳ ಸಂಖ್ಯೆ ನಮ್ಮ ಕಡೆ ಕಡಿಮೆಯೇನಲ್ಲ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಎಂದು ಕರ್ನಾಟಕ 1994ರಲ್ಲೇ ಹಿಂದೂ ಉತ್ತರಾಧಿಕಾರ ಕಾಯ್ದೆ ತಿದ್ದಿತು, ಕೇಂದ್ರ 2005ರಲ್ಲಿ ತಿದ್ದಿತು. ಹಕ್ಕಿನ ಬಗ್ಗೆ ಎಲ್ಲರೂ ಭಾಷಣ ಮಾಡುತ್ತಾರೆ. ಪ್ರಾಥಮಿಕ ಡಿಕ್ರಿಗೂ ಹೊಲದ ಬದುವಿಗೂ ನಡುವೆ ಇರುವ ದೂರದ ಬಗ್ಗೆ ಒಬ್ಬರೂ ಬಾಯಿ ಬಿಡುವುದಿಲ್ಲ. ಡಿಕ್ರಿ ಸಿಕ್ಕ ಮೇಲೆಯೇ ಭಾರತದ ಕಕ್ಷಿದಾರನ ಕಷ್ಟ ಶುರುವಾಗುತ್ತದೆ ಎಂದು ಆಗ ನಮ್ಮ ಕೇಸುಗಳ ಕೊನೆಯ ಮೇಲ್ಮನವಿ ಕೇಳುತ್ತಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್ 1872ರಲ್ಲೇ ಹೇಳಿತ್ತು. 2021ರಲ್ಲೂ ಸುಪ್ರೀಂ ಕೋರ್ಟ್ ಅಮಲ್ಜಾರಿ ಅರ್ಜಿಗಳನ್ನು ಆರು ತಿಂಗಳಲ್ಲಿ ಮುಗಿಸಿ ಎಂದು ನಿರ್ದೇಶನ ಕೊಡಬೇಕಾಯಿತು. ಪ್ರಾಥಮಿಕ ಡಿಕ್ರಿಯಾದ ಮೇಲೆ ಕಕ್ಷಿದಾರರು ಬೇರೆ ಅರ್ಜಿ ಹಾಕಲೆಂದು ಕಾಯದೆ ವಿಚಾರಣಾ ನ್ಯಾಯಾಲಯವೇ ಮುಂದುವರಿಯಬೇಕು ಎಂದು 2022ರಲ್ಲಿ ಹೇಳಿತು. ಹೇಳಿದ್ದು ಒಳ್ಳೆಯದೇ. ಆದರೆ ಅದು ತಾಲ್ಲೂಕು ಕೋರ್ಟಿನ ಪ್ರತಿಯೊಂದು ಕಡತಕ್ಕೂ ತಾನಾಗಿ ಬಂದು ಸೇರುತ್ತದೆ ಎಂದು ನಂಬಿ ಕೂರಬೇಡಿ.

ಆದ್ದರಿಂದ ಇನ್ನು ನನ್ನನ್ನು ಕಂಡಾಗ ‘ಗೆದ್ದೆವಾ?’ ಎನ್ನಬೇಡಿ. ‘ಕೊನೆಯ ಪುಟದಲ್ಲಿ ಏನು ಬರೆದಿದೆ, ಮುಂದೆ ನಾವು ಏನು ಮಾಡಬೇಕು, ಎಷ್ಟು ದಿನದೊಳಗೆ?’ ಎಂದು ಕೇಳಿ. ಊಟ ಬಿಟ್ಟಾದರೂ ಕೂತು ಹೇಳುತ್ತೇನೆ. ಸೋತಿದ್ದರೆ ಜಿಲ್ಲಾ ನ್ಯಾಯಾಲಯಕ್ಕೆ ಮೇಲ್ಮನವಿ ಹಾಕಲು ಮೂವತ್ತು ದಿನ, ಹೈಕೋರ್ಟಿಗಾದರೆ ತೊಂಬತ್ತು. ಸ್ವಾಧೀನಕ್ಕೋ ಹಣಕ್ಕೋ ಡಿಕ್ರಿಯಾಗಿದ್ದರೆ ಅಮಲ್ಜಾರಿಗೆ ಹನ್ನೆರಡು ವರ್ಷ. ಅದು ದಾಟಿದರೆ ಆ ಕಾಗದದಿಂದ ಏನನ್ನೂ ವಸೂಲು ಮಾಡಲಾಗದು. ಪಾಲಿನ ದಾವೆಯಲ್ಲಿ ಅಂತಿಮ ಡಿಕ್ರಿ ಕೇಳುವ ಅರ್ಜಿಗೆ ಮಾತ್ರ ಕಾಲಮಿತಿ ಅಡ್ಡಬರುವುದಿಲ್ಲ ಎಂದು 2009ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಆ ತಾಯಿಗೆ ದಾರಿ ಉಳಿದಿದ್ದು ಅದರಿಂದಲೇ. ಹೊಸದಾಗಿ ದೃಢೀಕೃತ ನಕಲು ತೆಗೆಸಿ ಅರ್ಜಿ ಹಾಕಿದ್ದೇವೆ. ಕಮಿಷನರ್ ನೇಮಕವಾಗಿದೆ, ಅಳತೆ ಇನ್ನೂ ಆಗಬೇಕಿದೆ.