ಪುಟಾಣಿ ಮನೆಗಳ ದುಬಾರಿ ಲೆಕ್ಕ

ಮಾಡೆಲ್ ರೈಲಿನ ಪಕ್ಕ ಇಡುವ ಸ್ಟೇಷನ್, ಗೋಡೌನ್, ಮನೆಗಳ ಕಿಟ್ (ಬಿಡಿಭಾಗ ಜೋಡಿಸಿ ಕಟ್ಟುವ ಡಬ್ಬಿ) ನೋಡ್ತಾ ಕೂತಿದ್ದೇನೆ. ಎಚ್‌ಒ ಸ್ಕೇಲ್ ಅಂದರೆ 1:87, ಅಂದರೆ ಅಸಲಿಯ ಉದ್ದದ 87ನೇ ಒಂದು ಭಾಗ; ಎನ್ ಅಂದರೆ 1:160. ಅದೇ ಕಟ್ಟಡಕ್ಕೆ ಎನ್‌ನಲ್ಲಿ ಬೇಕಾಗುವ ಗೋಡೆ ಎಚ್‌ಒದ ಮೂರನೇ ಒಂದು ಭಾಗವೂ ಇಲ್ಲ. ಬೆಲೆ ಮಾತ್ರ ಹಾಗೆ ಇಳಿಯುವುದಿಲ್ಲ! ದುಡ್ಡು ಹೋಗುವುದು ಪ್ಲಾಸ್ಟಿಕ್‌ಗಿಂತ ಜಾಸ್ತಿ ಅದನ್ನು ಎರೆಯುವ ಅಚ್ಚಿಗೆ ಅಲ್ವಾ. ಮನೆ ಚಿಕ್ಕದಾದರೆ ಕಿಟಕಿಗಳ ಸಂಖ್ಯೆಯೇನೂ ಕಮ್ಮಿಯಾಗುವುದಿಲ್ಲ. ಅಚ್ಚಿನ ಖರ್ಚು ಎಷ್ಟು ಡಬ್ಬಿಗಳ ಮೇಲೆ ಹಂಚಿಹೋಗುತ್ತದೆ ಅನ್ನುವುದರ ಮೇಲೆ ಎಲ್ಲ ನಿಂತಿದೆ.

ಎಚ್‌ಒ ಮಂದಿ ಜಾಸ್ತಿ. ಹಾಗಾಗಿ ಫಾಲರ್, ವಾಲ್ಥರ್ಸ್ ಥರದ ಕಿಟ್ ಕಂಪನಿಯವರು ಅವರಿಗೆ ಕೊಟ್ಟಿಗೆಯಿಂದ ಕಾರ್ಖಾನೆವರೆಗೆ ಮಾಡಿಟ್ಟಿದ್ದಾರೆ. ಪಾಪ, ಕಮ್ಮಿ ಮಂದಿ ಇರುವ 1:64ರ ಎಸ್ ಸ್ಕೇಲ್‌ನವರು! ಲೇಸರ್‌ನಲ್ಲಿ ಕತ್ತರಿಸಿದ ಮರದ ಕಿಟ್, ರೆಸಿನ್, ಇಲ್ಲವೇ ಸ್ವಂತ ಕೈಕೆಲಸ. ಲೇಸರ್‌ಗೆ ಅಚ್ಚು ಬೇಡ, ಸ್ವಲ್ಪವೇ ಮಾಡಿದರೂ ನಡೆಯುತ್ತದೆ. ಆದರೆ ಒಂದೊಂದಕ್ಕೂ ಮಷಿನ್ ಹೊತ್ತು ಹಿಡಿಯುತ್ತದೆ, ಅದೂ ಬೆಲೆಗೆ ಸೇರುತ್ತದೆ.

1:48ರ ಓ ಸ್ಕೇಲ್‌ನಲ್ಲಿ ದುಡ್ಡಿನ ಜೊತೆ ಜಾಗದ ತಲೆನೋವೂ ಇದೆ. ಒಂದು ಕಾರ್ಖಾನೆ ಇಟ್ಟರೆ ಟೇಬಲ್ಲೇ ತುಂಬಿತು. ಅದಕ್ಕೇ ಎಷ್ಟೋ ಜನ ಮುಂದಿನ ಗೋಡೆ ಮಾತ್ರ ಕಟ್ಟಿ ಹಿಂಬದಿಗೆ ಒರಗಿಸುತ್ತಾರೆ. ನನಗೆ ಈ ಕಳ್ಳಾಟ ತುಂಬಾ ಇಷ್ಟ.